ಚಾಲಕರ ನಿದ್ದೆಯೂ ಪ್ರವಾಸದ ಲೆಕ್ಕಕ್ಕೆ ಸೇರಲಿ

ಬೇಸಿಗೆ ರಜೆ, ದಸರಾ ರಜೆ, ಡಿಸೆಂಬರ್ ಕೊನೆಯ ವಾರ ಬಂತೆಂದರೆ ಚೆನ್ನೈ ಕನ್ನಡಿಗರ ಮನೆಗಳಲ್ಲಿ ಊರಿನ ಮಾತು ಶುರುವಾಗುತ್ತದೆ. ಕಾವೇರಿ ಎಕ್ಸ್‌ಪ್ರೆಸ್, ಮಂಗಳೂರು ಮೇಲ್ ಗಾಡಿಗಳಲ್ಲಿ ಆಗ ಸೀಟು ಸಿಗುವುದು ಕಷ್ಟ. ನಾಲ್ಕಾರು ಮನೆಯವರು ಸೇರಿ ಒಂದು ವ್ಯಾನ್ ಗೊತ್ತುಮಾಡುತ್ತಾರೆ. ಕನ್ನಡ ಸಂಘಗಳೂ ಧರ್ಮಸ್ಥಳ, ಕುಕ್ಕೆ, ಉಡುಪಿ, ಶೃಂಗೇರಿ, ಮಂತ್ರಾಲಯ ಎಂದು ಸದಸ್ಯರಿಗಾಗಿ ಪ್ರವಾಸ ಏರ್ಪಡಿಸುತ್ತವೆ. ಮಕ್ಕಳು ಊರು ನೋಡುತ್ತಾರೆ, ಹಿರಿಯರ ಹರಕೆ ತೀರುತ್ತದೆ, ಸದಸ್ಯರ ನಡುವೆ ಬಳಕೆ ಬೆಳೆಯುತ್ತದೆ. ಒಳ್ಳೆಯ ಕೆಲಸವೇ.

ಇಂಥ ಪ್ರವಾಸಕ್ಕೆ ಮುಂಚೆ ಸಮಿತಿ ಸೇರಿದಾಗ ಎಲ್ಲ ವಿಷಯವೂ ಚರ್ಚೆಗೆ ಬರುತ್ತದೆ. ತಲೆಗೆ ಎಷ್ಟು ವಸೂಲಿ, ಎಸಿ ವ್ಯಾನ್ ಬೇಕೇ ಬೇಡವೇ, ಬೆಳಗಿನ ತಿಂಡಿ ಎಲ್ಲಿ, ವಸತಿಗೃಹದಲ್ಲಿ ಎಷ್ಟು ಕೋಣೆ, ಸಕ್ಕರೆ ಕಾಯಿಲೆ ಇರುವವರಿಗೆ ಊಟ ಎಷ್ಟು ಹೊತ್ತಿಗೆ, ಎಲ್ಲವನ್ನೂ ಕಾಗದದ ಮೇಲೆ ಬರೆದಿಡುತ್ತಾರೆ. ಒಂದು ಪ್ರಶ್ನೆ ಮಾತ್ರ ಯಾರ ಬಾಯಿಂದಲೂ ಬರುವುದಿಲ್ಲ. ವ್ಯಾನ್ ಓಡಿಸುವವರು ಯಾವಾಗ ಮಲಗುತ್ತಾರೆ?

ವಾರಾಂತ್ಯದ ಒಂದು ಸಾಮಾನ್ಯ ವೇಳಾಪಟ್ಟಿಯನ್ನೇ ಎದುರಿಗಿಟ್ಟುಕೊಂಡು ಲೆಕ್ಕ ಹಾಕಬಹುದು. ಶುಕ್ರವಾರ ರಾತ್ರಿ 8 ಗಂಟೆಗೆ ಐನಾವರಂನಿಂದ ವ್ಯಾನ್ ಹೊರಡುತ್ತದೆ. ಧರ್ಮಸ್ಥಳಕ್ಕೆ ಸುಮಾರು 650 ಕಿ.ಮೀ. ಶನಿವಾರ ಬೆಳಿಗ್ಗೆ ತಲುಪಿ ಸ್ನಾನ, ದರ್ಶನ, ಊಟ. ಮಧ್ಯಾಹ್ನ ಕುಕ್ಕೆ. ಅಲ್ಲಿಂದ ಹೊರಟು ರಾತ್ರಿ 10ಕ್ಕೆ ಉಡುಪಿ. ಭಾನುವಾರ ಬೆಳಿಗ್ಗೆ ಕೃಷ್ಣಮಠ, ಮಲ್ಪೆ ಕಡಲತೀರ. ಸಂಜೆ 4ಕ್ಕೆ ಹೊರಟರೆ ಸೋಮವಾರ ಬೆಳಿಗ್ಗೆ ಚೆನ್ನೈ. ಎಲ್ಲರೂ ಹೊತ್ತಿಗೆ ಸರಿಯಾಗಿ ಆಫೀಸಿಗೆ ಹಾಜರು. ಒಂದು ದಿನದ ರಜೆಯೂ ಖರ್ಚಾಗಲಿಲ್ಲವೆಂದು ಸಮಿತಿಯವರಿಗೂ ಸಮಾಧಾನ. ಹೋಗಿಬರುವ ದಾರಿ ಎಲ್ಲ ಸೇರಿ ಸುಮಾರು 1,600 ಕಿ.ಮೀ. ಚಾಲಕರು ಮಾತ್ರ ಒಬ್ಬರೇ.

ಇನ್ನು ಆ ಚಾಲಕರ ಲೆಕ್ಕ. ಶುಕ್ರವಾರ ಬೆಳಿಗ್ಗೆ 6ಕ್ಕೆ ಎದ್ದು, ಶಾಲಾ ಮಕ್ಕಳ ಟ್ರಿಪ್ಪನ್ನೋ ಕಂಪನಿ ನೌಕರರ ಟ್ರಿಪ್ಪನ್ನೋ ಮುಗಿಸಿಕೊಂಡು ಬಂದವರು ಎಂದಿಟ್ಟುಕೊಂಡರೆ, ರಾತ್ರಿ 11ಕ್ಕೆ ವ್ಯಾನ್ ವೇಲೂರು ತಲುಪುವಾಗ ಅವರು ಎದ್ದು 17 ಗಂಟೆ ಆಗಿರುತ್ತದೆ. ನೆಲಮಂಗಲ, ಹಾಸನ ಕಳೆದು ಸಕಲೇಶಪುರದ ಬಳಿ ಬೆಳಕು ಹರಿಯುವಾಗ 24 ಗಂಟೆ. ಎದುರಿಗೆ ಶಿರಾಡಿ ಘಾಟಿಯ ಇಳಿಜಾರು. ಉಡುಪಿಯಲ್ಲಿ ಎಲ್ಲರೂ ಕೋಣೆ ಸೇರುವ ಹೊತ್ತಿಗೆ 40 ಗಂಟೆ. ನಡುವೆ, ಉಳಿದವರು ದರ್ಶನಕ್ಕೆ ಹೋಗಿದ್ದಾಗ, ಬಿಸಿಲಲ್ಲಿ ನಿಂತ ವ್ಯಾನಿನ ಸೀಟಿನ ಮೇಲೆ ಸಾಮಾನು ಕಾಯುತ್ತಾ ಒರಗಿದ ಒಂದೆರಡು ಗಂಟೆಯೇ ಅವರ ವಿಶ್ರಾಂತಿ.

17 ಮತ್ತು 24 ಎಂಬ ಈ ಅಂಕಿಗಳಿಗೆ ಒಂದು ಅರ್ಥವಿದೆ. ಆಸ್ಟ್ರೇಲಿಯಾದ ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ ಎಂಬ ವಿಜ್ಞಾನಿಗಳು 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಸತತ 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಚುರುಕು, 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ. ಮದ್ಯ ಇದ್ದವರ ಮಟ್ಟಕ್ಕೆ ಇಳಿದಿತ್ತು. 24 ಗಂಟೆ ಎಚ್ಚರವಿದ್ದವರದು 100 ಮಿ.ಗ್ರಾಂ. ಮದ್ಯ ಇದ್ದವರ ಮಟ್ಟಕ್ಕೆ ಬಂದಿತ್ತು. ಭಾರತದ ಮೋಟಾರು ವಾಹನ ಕಾಯಿದೆ ಚಾಲಕರಿಗೆ ಇಟ್ಟಿರುವ ಮಿತಿ 30 ಮಿ.ಗ್ರಾಂ. ಅಂದರೆ ಒಂದು ತೊಟ್ಟನ್ನೂ ಮುಟ್ಟದ ಚಾಲಕರು ವೇಲೂರಿನ ಹೊತ್ತಿಗೇ ಆ ಮಿತಿ ದಾಟಿದವರ ಸಮಾನರಾಗಿರುತ್ತಾರೆ. ಘಾಟಿ ಇಳಿಯುವಾಗ ಮಿತಿಯ ಮೂರು ಪಟ್ಟು ಕುಡಿದವರ ಹಾಗೆ.

ಕುಡಿದು ಬಂದ ಚಾಲಕರ ವ್ಯಾನಿಗೆ ಯಾವ ಸಂಘದ ಕಾರ್ಯದರ್ಶಿಯೂ ಸದಸ್ಯರನ್ನು ಹತ್ತಿಸುವುದಿಲ್ಲ. ಬಾಯಿ ವಾಸನೆ ಬಂದರೆ ಅಲ್ಲೇ ಗಲಾಟೆ ಆಗುತ್ತದೆ, ವಾಹನ ಬದಲಾಗುತ್ತದೆ. ಅದೇ ಚಾಲಕರು ಕೆಂಪಗಾದ ಕಣ್ಣು ಉಜ್ಜಿಕೊಂಡು ಬಂದರೆ, ‘ಪಾಪ, ಒಂದು ಟೀ ಕುಡಿಸಿ’ ಎನ್ನುತ್ತಾರೆ. ಹಾಗೆನ್ನುವುದು ಕರುಣೆಯಿಂದಲೇ. ಆದರೆ ಟೀ ಕುಡಿಸಿ ಮತ್ತೆ ಸ್ಟಿಯರಿಂಗ್ ಮುಂದೆ ಕೂರಿಸುವುದು ಅವರಿಗೂ ಒಳ್ಳೆಯದಲ್ಲ, ಹಿಂದೆ ಮಲಗಿರುವ ಮಕ್ಕಳಿಗೂ ಒಳ್ಳೆಯದಲ್ಲ.

‘ಹಸಿವು ರುಚಿ ಅರಿಯದು, ನಿದ್ದೆ ಸುಖ ಅರಿಯದು’ ಎಂಬ ಗಾದೆಯನ್ನು ಹಿರಿಯರು ಸುಮ್ಮನೆ ಕಟ್ಟಿಲ್ಲ. ಮೈಗೆ ನಿದ್ದೆ ಬೇಕಾದಾಗ ಅದು ಹಾಸಿಗೆಯೋ ಹೆದ್ದಾರಿಯೋ ಎಂದು ನೋಡುವುದಿಲ್ಲ. ರಾತ್ರಿ 2ರಿಂದ ಬೆಳಿಗ್ಗೆ 6ರ ನಡುವೆ ಮನುಷ್ಯನ ದೇಹ ತಾನಾಗಿಯೇ ಮಂಕಾಗುತ್ತದೆ. ಮಧ್ಯಾಹ್ನ ಊಟದ ನಂತರ 2ರಿಂದ 4ರ ನಡುವೆ ಇನ್ನೊಮ್ಮೆ. ಇಪ್ಪತ್ತು ವರ್ಷದ ಅನುಭವವಿದ್ದರೂ ದೇಹದ ಈ ಗಡಿಯಾರ ಬದಲಾಗದು. ಆಗ ಬರುವುದು ಪೂರ್ತಿ ನಿದ್ದೆಯೂ ಅಲ್ಲ, ಕೆಲವೇ ಸೆಕೆಂಡುಗಳ ತೂಕಡಿಕೆ. ಕೆಲವೊಮ್ಮೆ ಕಣ್ಣು ತೆರೆದೇ ಇರುತ್ತದೆ, ಮಿದುಳು ಮಾತ್ರ ಮಲಗಿರುತ್ತದೆ. ತೂಕಡಿಸಿದ್ದು ಚಾಲಕರಿಗೇ ಗೊತ್ತಾಗುವುದಿಲ್ಲ. ಗಂಟೆಗೆ 80 ಕಿ.ಮೀ. ವೇಗದಲ್ಲಿ ವಾಹನ ಸೆಕೆಂಡಿಗೆ 22 ಮೀಟರ್ ಓಡುತ್ತದೆ. 4 ಸೆಕೆಂಡು ತೂಕಡಿಸಿದರೆ ಸುಮಾರು 90 ಮೀಟರ್ ದಾರಿಯನ್ನು ವಾಹನ ನೋಡುವವರಿಲ್ಲದೆ ಓಡಿರುತ್ತದೆ. ಬ್ರೇಕ್ ಹಾಕುವವರೂ ಇರುವುದಿಲ್ಲ. ಆದ್ದರಿಂದಲೇ ಇಂಥ ಅಪಘಾತಗಳಲ್ಲಿ ರಸ್ತೆಯ ಮೇಲೆ ಬ್ರೇಕ್ ಹಾಕಿದ ಗುರುತು ಹೆಚ್ಚಾಗಿ ಕಾಣುವುದಿಲ್ಲ, ಡಿಕ್ಕಿಯ ಹೊಡೆತವೂ ಭೀಕರವಾಗಿರುತ್ತದೆ.

ಇದಕ್ಕೆ ದೂರದ ಉದಾಹರಣೆ ಬೇಕಿಲ್ಲ. 2020ರ ಫೆಬ್ರವರಿ 20ರಂದು ತಮಿಳುನಾಡಿನ ತಿರುಪ್ಪೂರು ಜಿಲ್ಲೆಯ ಅವಿನಾಶಿ ಬಳಿ ನಡೆದದ್ದು ಹಲವರಿಗೆ ನೆನಪಿರಬಹುದು. ಬೆಂಗಳೂರಿನಿಂದ ಎರ್ನಾಕುಲಂಗೆ ಹೊರಟಿದ್ದ ಕೇರಳ ಸಾರಿಗೆ ಸಂಸ್ಥೆಯ ಬಸ್ಸಿಗೆ ನಸುಕಿನ 3 ಗಂಟೆ ದಾಟಿದ ಮೇಲೆ ಎದುರು ದಿಕ್ಕಿನ ಕಂಟೇನರ್ ಲಾರಿಯೊಂದು ರಸ್ತೆ ವಿಭಜಕವನ್ನೇ ಹಾರಿಬಂದು ಅಪ್ಪಳಿಸಿತು. ಬಸ್ಸಿನ ಚಾಲಕ, ನಿರ್ವಾಹಕ ಸೇರಿ 19 ಮಂದಿ ಸತ್ತರು. ಟೈರ್ ಸಿಡಿದಿರಬೇಕೆಂದು ಮೊದಲು ಹೇಳಲಾಯಿತು. ಲಾರಿ ಚಾಲಕರಿಗೆ ನಿದ್ದೆ ಹತ್ತಿದ್ದೇ ಕಾರಣವೆಂದು ನಂತರ ಕಂಡುಬಂತು. ಬಸ್ಸಿನ ಚಾಲಕರದು ಇಲ್ಲಿ ಯಾವ ತಪ್ಪೂ ಇರಲಿಲ್ಲ. ಇನ್ನೊಬ್ಬರ ನಿದ್ದೆಗೆ ಅವರು, ಅವರನ್ನು ನಂಬಿ ಮಲಗಿದ್ದವರು ಬಲಿಯಾದರು.

ಕರಾವಳಿಯವರು ಮರೆಯಲಾಗದ ಇನ್ನೊಂದು ದಿನ 2010ರ ಮೇ 22. ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ಸತ್ತರು, ಉಳಿದವರು 8 ಮಂದಿ. ಅದು ರಸ್ತೆಯ ಅಪಘಾತವಲ್ಲ, ಆದರೆ ನಿದ್ದೆಯ ಪಾಠ ಒಂದೇ. ಏರ್ ಮಾರ್ಷಲ್ (ನಿವೃತ್ತ) ಬಿ.ಎನ್. ಗೋಖಲೆ ಅವರ ನೇತೃತ್ವದ ತನಿಖೆಯಲ್ಲಿ ಕಂಡದ್ದೇನೆಂದರೆ, ಹಾರಾಟದ ನಡುವೆ ಮುಖ್ಯ ಪೈಲಟ್ ಒಂದೂವರೆ ಗಂಟೆಗೂ ಹೆಚ್ಚು ಕಾಲ ಮಲಗಿದ್ದರು. ಗೊರಕೆಯ ಸದ್ದು ಕಾಕ್‌ಪಿಟ್ ಧ್ವನಿಮುದ್ರಿಕೆಯಲ್ಲಿ ದಾಖಲಾಗಿತ್ತು. ಇಳಿಯುವ ಮುಂಚೆ ಅವರು ಎದ್ದಿದ್ದರು. ಆದರೆ ಗಾಢ ನಿದ್ದೆಯಿಂದ ಎದ್ದ ಮಂಪರು ಬುದ್ಧಿಯನ್ನು ಬಿಟ್ಟಿರಲಿಲ್ಲ. ಇಳಿಯುವುದು ಬೇಡ, ಮೇಲೆ ಏರೋಣ ಎಂದು ಸಹಪೈಲಟ್ ಮೂರು ಸಲ ಹೇಳಿದರೂ ಕೇಳಲಿಲ್ಲ. ಎಚ್ಚರವಾದ ಕೂಡಲೇ ಮನುಷ್ಯ ಕೆಲಸಕ್ಕೆ ಸಿದ್ಧನಾಗುವುದಿಲ್ಲ ಎಂಬುದು ಇಲ್ಲಿನ ಪಾಠ. ಢಾಬಾದಲ್ಲಿ ಒಂದು ಗಂಟೆ ಮಲಗಿದ್ದ ಚಾಲಕರನ್ನು ತಟ್ಟಿ ಎಬ್ಬಿಸಿ ಆ ಕ್ಷಣವೇ ‘ಹೊರಡಿ, ಹೊತ್ತಾಯಿತು’ ಎನ್ನುವವರು ಇದನ್ನು ನೆನಪಿಡಬೇಕು.

ಇಷ್ಟು ದೊಡ್ಡ ವಿಷಯವಾದರೂ ಸರ್ಕಾರದ ಲೆಕ್ಕದಲ್ಲಿ ನಿದ್ದೆಗೆ ಸರಿಯಾದ ಜಾಗವಿಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2023ರಲ್ಲಿ ದೇಶದಲ್ಲಿ 4,80,583 ರಸ್ತೆ ಅಪಘಾತಗಳಾಗಿ 1,72,890 ಜನ ಸತ್ತರು. ಅಪಘಾತಗಳ ಸಂಖ್ಯೆಯಲ್ಲಿ ತಮಿಳುನಾಡಿಗೇ ಮೊದಲ ಸ್ಥಾನ. ಯಾವ ನಿಯಮ ಮುರಿದದ್ದರಿಂದ ಅಪಘಾತವಾಯಿತು ಎಂಬ ಪಟ್ಟಿಯೂ ಆ ವರದಿಯಲ್ಲಿ ಇರುತ್ತದೆ. ಅತಿವೇಗ, ಮದ್ಯಪಾನ, ತಪ್ಪು ದಿಕ್ಕು, ಕೆಂಪು ದೀಪ, ಮೊಬೈಲ್, ಇತರೆ ಎಂಬ ಕಲಮುಗಳಿವೆ. ನಿದ್ದೆಗೆ ಕಲಮಿಲ್ಲ. ಪುಸ್ತಕದಲ್ಲಿ ಖಾತೆಯೇ ಇಲ್ಲದ ಬಾಬತ್ತಿಗೆ ಜಮಾ ಖರ್ಚು ಬರೆಯುವುದು ಹೇಗೆ? ತೂಕಡಿಸಿ ಲಾರಿಗೆ ಗುದ್ದಿದ್ದು ಪೊಲೀಸ್ ದಾಖಲೆಯಲ್ಲಿ ಸಾಮಾನ್ಯವಾಗಿ ‘ಅತಿವೇಗ ಮತ್ತು ಅಜಾಗರೂಕತೆ’ಯ ಹೆಸರಿನಲ್ಲೇ ಮುಗಿಯುತ್ತದೆ. ಉಸಿರು ಊದಿಸಿ ಮದ್ಯವನ್ನು ಅಳೆಯಬಹುದು, ನಿದ್ದೆಯನ್ನು ಅಳೆಯುವ ಅಂಥ ಯಂತ್ರ ಪೊಲೀಸರ ಕೈಯಲ್ಲಿಲ್ಲ.

ಕಾನೂನು ಇರಲಿಲ್ಲವೆಂದಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಕೆಲಸದ ಮಿತಿ ಇಟ್ಟಿತ್ತು. 5 ಗಂಟೆ ಕೆಲಸದ ನಂತರ ಕನಿಷ್ಠ ಅರ್ಧ ಗಂಟೆ ಬಿಡುವು, ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವೆ ಸತತ 9 ಗಂಟೆ ವಿರಾಮ ಇರಬೇಕೆಂದು ಹೇಳಿತ್ತು. ಐವರು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ ಆ ಕಾಯಿದೆ ಅನ್ವಯಿಸುತ್ತಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯೊಳಗೆ ಅದು ಸೇರಿಹೋಯಿತು. ದಿನಕ್ಕೆ 8 ಗಂಟೆಯ ಮಿತಿ ಹೊಸ ಸಂಹಿತೆಯಲ್ಲೂ ಇದೆ. ಆದರೆ ಸಂಸ್ಥೆ ಎನಿಸಿಕೊಳ್ಳಲು ಈಗ 10 ಮಂದಿ ಕೆಲಸಗಾರರು ಬೇಕು. ಸಂಘಗಳು ಗೊತ್ತುಮಾಡುವುದು ಹೆಚ್ಚಾಗಿ ಒಂದೆರಡು ವ್ಯಾನ್ ಇಟ್ಟುಕೊಂಡ ಮಾಲೀಕರನ್ನು. ಎಷ್ಟೋ ಸಲ ಮಾಲೀಕರೇ ಚಾಲಕರು. ಅವರು ಎಷ್ಟು ಗಂಟೆ ಓಡಿಸಿದರೆಂದು ಕೇಳುವವರು ಯಾರೂ ಇಲ್ಲ.

ಹೊರದೇಶಗಳಲ್ಲಿ ಇದನ್ನು ಗಟ್ಟಿಯಾಗಿ ಹಿಡಿದಿದ್ದಾರೆ. ಐರೋಪ್ಯ ಒಕ್ಕೂಟದಲ್ಲಿ ಲಾರಿ, ಬಸ್ ಚಾಲಕರು ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ನಿಲ್ಲಿಸಲೇಬೇಕು, ದಿನಕ್ಕೆ ಸಾಮಾನ್ಯವಾಗಿ 9 ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ. ವಾಹನದಲ್ಲಿರುವ ಟ್ಯಾಕೋಗ್ರಾಫ್ ಯಂತ್ರ ಇದನ್ನೆಲ್ಲ ದಾಖಲಿಸುತ್ತದೆ. ಇಂಗ್ಲೆಂಡಿನ ಸೆಲ್ಬಿ ಬಳಿ 2001ರ ಫೆಬ್ರವರಿ 28ರಂದು ರಾತ್ರಿಯಿಡೀ ಸರಿಯಾಗಿ ಮಲಗದೆ ಹೊರಟಿದ್ದ ಒಬ್ಬರ ವಾಹನ ಹೆದ್ದಾರಿಯಿಂದ ಜಾರಿ ರೈಲು ಹಳಿಯ ಮೇಲೆ ನಿಂತು, ಎರಡು ರೈಲುಗಳು ಡಿಕ್ಕಿಯಾಗಿ 10 ಮಂದಿ ಸತ್ತರು. ಚಾಲಕರಿಗೆ 5 ವರ್ಷ ಸೆರೆವಾಸವಾಯಿತು. ಅಮೆರಿಕದ ನ್ಯೂಜೆರ್ಸಿ ರಾಜ್ಯ 2003ರಲ್ಲಿ, 24 ಗಂಟೆ ನಿದ್ದೆಯಿಲ್ಲದೆ ವಾಹನ ಓಡಿಸಿ ಸಾವಿಗೆ ಕಾರಣವಾದರೆ ಅದು ಗಂಭೀರ ಅಪರಾಧ ಎಂದು ಕಾನೂನು ಮಾಡಿತು. ‘ನಿದ್ದೆ ಬಂತು, ಏನು ಮಾಡಲಿ’ ಎಂಬ ಮಾತು ಅಲ್ಲಿ ನಡೆಯದು. ಮಲಗದೆ ವಾಹನ ಏರಿದ್ದೇ ತಪ್ಪು.

ಭಾರತದಲ್ಲಿ ವಿಮಾನದವರಿಗೆ ಇಂಥ ನಿಯಮವಿದೆ. ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ತಕ್ಕಂತೆ ಸಿದ್ಧವಾಗದೆ ಇಂಡಿಗೋ ಸಂಸ್ಥೆಯ ಸಾವಿರಾರು ವಿಮಾನಗಳು 2025ರ ಡಿಸೆಂಬರ್‌ನಲ್ಲಿ ರದ್ದಾದವು. ಚೆನ್ನೈ ನಿಲ್ದಾಣದಲ್ಲೂ ಜನ ಪರದಾಡಿದರು. ಆ ಗದ್ದಲದಲ್ಲಿ ಒಂದು ಮಾತು ಮರೆಯಾಯಿತು: ಪೈಲಟ್ ಮಲಗಲು ಕಾನೂನು ಸಮಯ ಕೊಡಿಸುತ್ತಿದೆ, ವ್ಯಾನ್ ಚಾಲಕರಿಗೆ ಅದನ್ನು ಕೊಡಿಸುವವರಿಲ್ಲ. ಲಾರಿ ಚಾಲಕರಿಗೂ ಪೈಲಟ್‌ಗಳಂತೆ ಚಾಲನೆಯ ಅವಧಿ ನಿಗದಿಯಾಗಬೇಕೆಂದು ಕೇಂದ್ರ ಸಚಿವ ನಿತಿನ್ ಗಡ್ಕರಿ 2021ರ ಸೆಪ್ಟೆಂಬರ್‌ನಲ್ಲೇ ಹೇಳಿದ್ದರು.

ಚಾಲಕರೇ ಯಾಕೆ ‘ಆಗುವುದಿಲ್ಲ’ ಎನ್ನಬಾರದು ಎಂದು ಕೇಳುವವರಿದ್ದಾರೆ. ಎಂದರೆ ಆ ಬಾಡಿಗೆ ಪಕ್ಕದ ಬೀದಿಯ ವ್ಯಾನಿಗೆ ಹೋಗುತ್ತದೆ. ವ್ಯಾನಿನ ಸಾಲದ ಕಂತು ತಿಂಗಳ ತಾರೀಖಿಗೆ ಸರಿಯಾಗಿ ಬಂದು ನಿಲ್ಲುತ್ತದೆ. ಸೀಸನ್ ಇರುವುದು ವರ್ಷದಲ್ಲಿ ಕೆಲವೇ ವಾರ. ಅದಕ್ಕೇ ‘ನಿದ್ದೆ ಬರೋಲ್ಲ ಸಾರ್, ಅಭ್ಯಾಸ ಇದೆ’ ಎನ್ನುತ್ತಾರೆ. ಕೇಳಿದವರಿಗೂ ಆ ಉತ್ತರವೇ ಬೇಕಾಗಿರುತ್ತದೆ. ವೇಳಾಪಟ್ಟಿ ಬರೆದವರು ಸಮಿತಿಯವರು. ಒಂದು ದಿನದ ರಜೆ ಉಳಿಸಿದ್ದೂ ಅವರೇ. ಆ ಉಳಿತಾಯಕ್ಕೆ ಬೆಲೆ ತೆತ್ತದ್ದು ಚಾಲಕರ ನಿದ್ದೆ. ಹೀಗಿರುವಾಗ ಅಪಘಾತವಾದ ಮೇಲೆ ಚಾಲಕರೊಬ್ಬರನ್ನೇ ಬೈಯುವುದು ನ್ಯಾಯವಲ್ಲ.

ಖರ್ಚಿನ ಮಾತು ಬಂದೇ ಬರುತ್ತದೆ. ಇನ್ನೊಬ್ಬ ಚಾಲಕರ ಬಾಟಾ ಯಾರು ಕೊಡುವುದು, ಅವರಿಗೊಂದು ಕೋಣೆ ಬೇರೆಯೇ ಎಂದು ಖಜಾಂಚಿಗಳು ಕೇಳುವುದು ಸಹಜ. ಇಪ್ಪತ್ತು ಜನರ ಪ್ರವಾಸದಲ್ಲಿ ಒಂದು ಸಾಧಾರಣ ಕೋಣೆಯ ಬಾಡಿಗೆಯನ್ನು ಹಂಚಿದರೆ ತಲೆಗೆ ಬೀಳುವುದು ಹೆಚ್ಚೆಂದರೆ ಒಂದು ಹೊತ್ತಿನ ತಿಂಡಿ ಕಾಫಿಯ ಹಣ. ಇನ್ನೊಬ್ಬ ಚಾಲಕರ ಬಾಟಾ ಸೇರಿಸಿದರೂ ಯಾರೂ ಹೊರಲಾರದ ಹೊರೆಯಲ್ಲ. ಅದಿಲ್ಲದೆ ಉಳಿಸಿದ ಹಣ ಅಪಾಯದ ದಿನ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಆದ್ದರಿಂದ ಚೆನ್ನೈನ ಕನ್ನಡ ಸಂಘಗಳು ಮುಂದಿನ ಪ್ರವಾಸಕ್ಕೆ ಮೊದಲು ಕೆಲವು ನಿಯಮಗಳನ್ನು ಸಮಿತಿಯ ನಡಾವಳಿ ಪುಸ್ತಕದಲ್ಲೇ ಬರೆದು ಸಹಿ ಮಾಡುವುದು ಒಳ್ಳೆಯದು. ಮೊದಲನೆಯದು, ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಸಂಘದ ವಾಹನ ಓಡಬಾರದು. ಎರಡನೆಯದು, ಒಂದು ದಿನದ ಓಟ 400 ಕಿ.ಮೀ. ದಾಟಿದರೆ ಇಬ್ಬರು ಚಾಲಕರು. ಮೂರನೆಯದು, ಸದಸ್ಯರಿಗೆ ಕೋಣೆ ಹಿಡಿಯುವಾಗ ಚಾಲಕರಿಗೂ ಫ್ಯಾನ್ ಇರುವ ಕೋಣೆ, ಹಾಸಿಗೆ. ವ್ಯಾನಿನ ಸೀಟು, ಬಸ್ಸಿನ ಡಿಕ್ಕಿ ಹಾಸಿಗೆಯಲ್ಲ. ನಾಲ್ಕನೆಯದು, ಹೊರಡುವ ಹಿಂದಿನ ರಾತ್ರಿ ಚಾಲಕರು ಮಲಗಿದ್ದರೇ, ಆ ದಿನ ಬೇರೆ ಟ್ರಿಪ್ ಇತ್ತೇ ಎಂದು ಮಾಲೀಕರನ್ನು ಕೇಳಿ ಖಚಿತಪಡಿಸಿಕೊಳ್ಳುವುದು. ಐದನೆಯದು, ಚಾಲಕರು ‘ನಿಲ್ಲಿಸುತ್ತೇನೆ’ ಎಂದರೆ ಯಾರೂ ಎದುರು ಮಾತಾಡಬಾರದು. ದೂರದ ಯಾತ್ರೆಗೆ ಇನ್ನೂ ಒಂದು ದಾರಿಯಿದೆ. ರಜೆಯ ದಿನಗಳನ್ನು ಮುಂಚೆಯೇ ಗೊತ್ತುಮಾಡಿ, ಬೆಂಗಳೂರಿಗೋ ಮಂಗಳೂರಿಗೋ ರೈಲಿನಲ್ಲಿ ಹೋಗಿ, ಅಲ್ಲಿಂದ ಸ್ಥಳೀಯ ವಾಹನ ಹಿಡಿಯುವುದು. ಒಂದು ದಿನ ಹೆಚ್ಚಾಗಬಹುದು. ಹಿರಿಯರ ಸೊಂಟಕ್ಕೂ ಅದೇ ಹಿತ.

ಸ್ವಂತ ಕಾರಿನವರಿಗೂ ಈ ಮಾತು ಅನ್ವಯಿಸುತ್ತದೆ. ಶುಕ್ರವಾರ ಆಫೀಸು ಮುಗಿಸಿ, ಶ್ರೀಪೆರಂಬುದೂರು ದಾಟಿದರೆ ಬೆಳಗಾಗುವುದರೊಳಗೆ ಬೆಂಗಳೂರು ಎಂದು ಒಬ್ಬರೇ ಹೊರಡುವ ಯುವಕರು ಬಹಳ. ಆಕಳಿಕೆ ಮೇಲಿಂದ ಮೇಲೆ ಬಂದರೆ, ಕಳೆದ ಟೋಲ್ ಗೇಟ್ ಯಾವುದೆಂದು ನೆನಪಾಗದಿದ್ದರೆ, ವಾಹನ ತನ್ನ ಸಾಲು ಬಿಟ್ಟು ಸರಿಯುತ್ತಿದ್ದರೆ ಅಲ್ಲಿಗೆ ನಿಲ್ಲಿಸಬೇಕು. ಕಿಟಕಿ ತೆರೆಯುವುದು, ಜೋರಾಗಿ ಹಾಡು ಹಾಕುವುದು, ಮುಖಕ್ಕೆ ನೀರು, ಎಲೆಅಡಿಕೆ ಇವೆಲ್ಲ ಕೆಲವು ನಿಮಿಷದ ಆಟ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಒಂದು ಕಾಫಿ ಕುಡಿದು, 15-20 ನಿಮಿಷ ಮಲಗಿ ಎದ್ದು, ಮಂಪರು ಹೋಗುವ ತನಕ ಅಡ್ಡಾಡಿ ಹೊರಟರೆ ಸ್ವಲ್ಪ ದೂರಕ್ಕೆ ಬಲ ಬರುತ್ತದೆ. ಅದೂ ರಾತ್ರಿಯ ನಿದ್ದೆಗೆ ಬದಲಿಯಲ್ಲ. ನೆಗಡಿ, ಅಲರ್ಜಿಯ ಎಷ್ಟೋ ಮಾತ್ರೆಗಳು ನಿದ್ದೆ ತರಿಸುತ್ತವೆ. ನುಂಗುವ ಮುಂಚೆ ವೈದ್ಯರನ್ನು ಕೇಳಬೇಕು. ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರುಗಟ್ಟಿದಂತಾಗಿ ಏಳುವವರು, ಎಂಟು ಗಂಟೆ ಮಲಗಿಯೂ ಹಗಲು ತೂಕಡಿಸುವವರು ಪರೀಕ್ಷೆ ಮಾಡಿಸಿಕೊಳ್ಳಬೇಕು. ಅದು ಚಿಕಿತ್ಸೆ ಇರುವ ಕಾಯಿಲೆ. ಸಂಘಗಳ ವೈದ್ಯಕೀಯ ಶಿಬಿರಗಳಲ್ಲಿ ರಕ್ತದೊತ್ತಡ, ಸಕ್ಕರೆಯ ಜೊತೆಗೆ ಇದನ್ನೂ ಕೇಳಿದರೆ ಉಪಕಾರ. ಆ ಶಿಬಿರಕ್ಕೆ ಬಡಾವಣೆಯ ಆಟೋ, ವ್ಯಾನ್ ಚಾಲಕರನ್ನೂ ಕರೆಯಬಹುದು.

ದಾರಿಯಲ್ಲಿ ಏನಾದರೂ ಆದರೆ ಆಂಬುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಯ ನೆರವಿಗೆ 1033 ಎಂಬುದು ಎಲ್ಲರ ಮೊಬೈಲಿನಲ್ಲಿರಲಿ. ತಮಿಳುನಾಡು ಸರ್ಕಾರ 2021ರ ಡಿಸೆಂಬರ್ 18ರಂದು ಆರಂಭಿಸಿದ ‘ಇನ್ನುಯಿರ್ ಕಾಪ್ಪೋಂ - ನಮ್ಮೈ ಕಾಕ್ಕುಂ 48’ ಯೋಜನೆ ಈ ರಾಜ್ಯದ ರಸ್ತೆಗಳಲ್ಲಿ ಗಾಯಗೊಂಡವರಿಗೆ, ಅವರು ಯಾವ ರಾಜ್ಯದವರೇ ಆಗಿರಲಿ, ಮೊದಲ 48 ಗಂಟೆಯ ಚಿಕಿತ್ಸೆ ಉಚಿತವಾಗಿ ಸಿಗಲೆಂದು ಬಂದದ್ದು. ಬಹಳ ದೊಡ್ಡ ಉಪಕಾರ. ಆದರೆ ಅಪಘಾತದ ನಂತರದ 48 ಗಂಟೆಯನ್ನು ಸರ್ಕಾರ ನೋಡಿಕೊಂಡರೂ, ಹೊರಡುವ ಹಿಂದಿನ 8 ಗಂಟೆ ಚಾಲಕರನ್ನು ಮಲಗಿಸುವ ಕೆಲಸ ವಾಹನ ಗೊತ್ತುಮಾಡಿದವರದೇ.

ಮನೆಗೆ ಬಂದ ನೆಂಟರಿಗೆ ಊಟ ಹಾಕಿ, ಚಾಪೆ ಹಾಸಿಕೊಟ್ಟು, ಮಲಗಿದರೇ ಎಂದು ನೋಡಿ ದೀಪ ಆರಿಸುವುದು ಕನ್ನಡದ ಮನೆಗಳ ಪದ್ಧತಿ. ಪ್ರವಾಸದಲ್ಲಿ ಚಾಲಕರನ್ನು ಊಟಕ್ಕೆ ಕರೆಯುವುದನ್ನು ಸಂಘಗಳು ಮರೆಯುವುದಿಲ್ಲ. ಇನ್ನು ಮೇಲೆ ಮಲಗುವುದಕ್ಕೂ ಕರೆಯಲಿ. ಮುಂದಿನ ಪ್ರವಾಸದ ಅಂದಾಜು ಖರ್ಚಿನ ಪಟ್ಟಿಯಲ್ಲಿ ಡೀಸೆಲ್, ಟೋಲ್, ಪರ್ಮಿಟ್ ಸಾಲುಗಳ ಕೆಳಗೆ ‘ಚಾಲಕರ ವಿಶ್ರಾಂತಿ’ ಎಂದು ಇನ್ನೊಂದು ಸಾಲು ಬರೆಯಲು ಯಾವ ಸರ್ಕಾರದ ಅಪ್ಪಣೆಯೂ ಬೇಕಿಲ್ಲ. ಆ ಸಾಲನ್ನು ಮೊದಲು ಬರೆಯುವ ಸಂಘ ಯಾವುದಾದರೂ ಸರಿ, ಉಳಿದವರು ಅದನ್ನು ಅನುಸರಿಸಲಿ.